ಕೂನೂರಿನ ಮೆಕ್ಯಾರಿಸನ್

ವಾರ್ಷಿಕ ಸಂಚಿಕೆಗೆ ಜೀವನಚರಿತ್ರೆ ಬರೆಯುವವರು ರಾಜರನ್ನೋ ಕವಿಗಳನ್ನೋ ದೇಶಭಕ್ತರನ್ನೋ ಆರಿಸಿಕೊಳ್ಳುವುದು ರೂಢಿ. ಇತಿಹಾಸದ ವಿದ್ಯಾರ್ಥಿನಿಯಾದ ನಾನು ಹರಪನಹಳ್ಳಿಯ ಪಾಳೆಯಗಾರರ ವಿಷಯವನ್ನಾದರೂ ಬರೆಯುವೆನೆಂದು ಅಧ್ಯಾಪಕರು ಎಣಿಸಿದ್ದರು. ಆದರೆ ನಾನು ಆರಿಸಿಕೊಂಡಿರುವುದು ಇಲಿಗಳನ್ನು ಸಾಕಿದ ಒಬ್ಬ ವೈದ್ಯರನ್ನು. ಸಾವಿರಾರು ಬಿಳಿಯ ಇಲಿಗಳಿಗೆ ಅನ್ನ, ಚಪಾತಿ, ಹಾಲು, ಪಲ್ಯಗಳನ್ನು ಉಣಬಡಿಸಿ, ಅವು ಬೆಳೆದುದನ್ನೂ ಸೊರಗಿದುದನ್ನೂ ತೂಗಿ ಬರೆದಿಟ್ಟ ಸರ್ ರಾಬರ್ಟ್ ಮೆಕ್ಯಾರಿಸನ್ ಅವರೇ ಆ ವೈದ್ಯರು. ಅವರ ಇಲಿಗಳಲ್ಲಿ ಒಂದು ಗುಂಪು ಕನ್ನಡಿಗರ ಊಟವನ್ನು ಉಂಡು ಬೆಳೆದಿತ್ತೆಂದರೆ ವಾಚಕರಿಗೆ ಆಶ್ಚರ್ಯವಾದೀತು. ನನಗೂ ಆಯಿತು. ಆದರೆ ನಾನು ಅವರ ಬಳಿಗೆ ಹೋದದ್ದು ಕುತೂಹಲದಿಂದಲ್ಲ. ನಾನು ಮಾಡಿದ ತಪ್ಪೊಂದಕ್ಕೆ ಕಾರಣ ಹುಡುಕುತ್ತ ಹೋದೆ.

ಆ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮದು ಕೊಟ್ಟೂರಿಗೂ ಕೂಡ್ಲಿಗಿಗೂ ನಡುವೆ ಇರುವ ಸಣ್ಣ ಹಳ್ಳಿ. ಮಳೆಯನ್ನೇ ನಂಬಿದ ನಾಲ್ಕು ಎಕರೆ ಹೊಲ. ಜೋಳ, ಶೇಂಗಾ, ಈಚೆಗೆ ಮೆಕ್ಕೆಜೋಳ. ಅಪ್ಪ ಅವ್ವ ಇಬ್ಬರೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕಳೆದ ವರ್ಷ ಮುಂಗಾರಿನ ಮೊದಲು ಅವ್ವನಿಗೆ ಸಕ್ಕರೆ ಕಾಯಿಲೆಯೆಂದು ತಿಳಿಯಿತು. ಮೊಣಕಾಲು ನೋವು ಮೊದಲೇ ಇತ್ತು. ವೈದ್ಯರು ಗುಳಿಗೆಗಳನ್ನು ಬರೆದುಕೊಟ್ಟು, ತೂಕವನ್ನು ಹತ್ತು ಕಿಲೋ ಇಳಿಸಬೇಕೆಂದೂ, ದಿನಕ್ಕೆ ೧೨೦೦ ಕ್ಯಾಲೊರಿಗೆ ಮೀರದಂತೆ ಉಣ್ಣಬೇಕೆಂದೂ ಚೀಟಿಯ ಕೆಳಗೆ ಗುರುತು ಹಾಕಿದರು. ಮನೆಯಲ್ಲಿ ಆ ಚೀಟಿಯನ್ನು ಓದಬಲ್ಲವಳು ನಾನೊಬ್ಬಳೇ. ಆದುದರಿಂದ ಲೆಕ್ಕವೆಲ್ಲ ನನ್ನ ಪಾಲಿಗೆ ಬಂದಿತು.

ನಾನು ಒಂದು ನೋಟುಪುಸ್ತಕ ಹಾಕಿದೆ. ರೊಟ್ಟಿಯ ಮುಂದೆ ಯಾವ ಅಂಕಿ ಬರೆಯಬೇಕೋ ತಿಳಿಯಲಿಲ್ಲ. ಅವ್ವನ ಕೈಯ ರೊಟ್ಟಿ ಒಂದೊಂದು ದಿನ ಒಂದೊಂದು ಅಗಲ. ಮೊಬೈಲಿನಲ್ಲಿ ಹುಡುಕಿದರೆ ಒಂದೇ ರೊಟ್ಟಿಗೆ ನಾಲ್ಕು ಕಡೆ ನಾಲ್ಕು ಲೆಕ್ಕ. ಪುಂಡಿಪಲ್ಯಕ್ಕೂ ಗುರೆಳ್ಳು ಚಟ್ನಿಗೂ ನಾನು ನೋಡಿದ ಕಡೆ ಲೆಕ್ಕವೇ ಇರಲಿಲ್ಲ. ಬಿಸ್ಕತ್ತಿನ ಪೊಟ್ಟಣದ ಬೆನ್ನಿನ ಮೇಲಾದರೋ ಎಲ್ಲವೂ ಅಚ್ಚಾಗಿತ್ತು. ಅಚ್ಚಾದ ಅಂಕಿಯ ಮೇಲೆ ನಮ್ಮಂಥವರಿಗೆ ಇರುವ ಭಕ್ತಿಯನ್ನು ಏನೆಂದು ಹೇಳಲಿ! ದಿನ ಕಳೆದಂತೆ ಅವ್ವನ ಊಟ ಅಂಕಿ ಇರುವ ಪದಾರ್ಥಗಳ ಕಡೆಗೆ ಸರಿಯಿತು. ಬೆಳಗ್ಗೆ ಚಹಾ ಬಿಸ್ಕತ್ತು, ಮಧ್ಯಾಹ್ನ ಬಟ್ಟಲಿನಿಂದ ಅಳೆದ ಬಿಳಿ ಅನ್ನ ಮತ್ತು ತಿಳಿಸಾರು, ಸಂಜೆ ಮತ್ತೆ ಚಹಾ, ರಾತ್ರಿ ಬ್ರೆಡ್ಡಿನ ಎರಡು ತುಂಡು. ಮೊತ್ತ ೧೨೦೦ನ್ನು ದಾಟಲಿಲ್ಲ. ಎರಡು ತಿಂಗಳಲ್ಲಿ ಅವ್ವ ೭೪ ಕಿಲೋದಿಂದ ೬೯ಕ್ಕೆ ಇಳಿದಳು. ನಾನು ಹಿಗ್ಗಿದೆ, ಗೆಳತಿಯರಿಗೂ ಹೇಳಿಕೊಂಡೆ.

ಮೂರನೆಯ ತಿಂಗಳು ಶೇಂಗಾ ಹೊಲದಲ್ಲಿ ಕಳೆ ತೆಗೆಯುತ್ತಿದ್ದಾಗ ಅವ್ವ ಸಾಲಿನಲ್ಲಿಯೇ ತಲೆ ತಿರುಗಿ ಬಿದ್ದಳು. ಗುಳಿಗೆ ನುಂಗಿ ಹೊಟ್ಟೆಯನ್ನು ಬರಿದಾಗಿ ಇಟ್ಟುಕೊಂಡದ್ದರಿಂದ ಸಕ್ಕರೆ ತೀರ ಕೆಳಗಿಳಿದಿತ್ತು. ಎಚ್ಚರವಾದ ಮೇಲೆ ಅವಳು ಹೇಳಿದ ಸಂಗತಿ ನನಗೆ ಇನ್ನೂ ನಾಟಿತು. ರಾತ್ರಿ ನಾವೆಲ್ಲರೂ ಮಲಗಿದ ಮೇಲೆ ಹಸಿವು ತಡೆಯಲಾರದೆ ಅವಳು ಬೆಲ್ಲದ ಡಬ್ಬಿಗೆ ಕೈ ಹಾಕುತ್ತಿದ್ದಳಂತೆ. ನಾನು ಎಲ್ಲಿ ನೋಟುಪುಸ್ತಕ ತೆಗೆದುಕೊಂಡು ಕೇಳುತ್ತೇನೋ ಎಂದು ಅಂಜಿ ಬಾಯಿ ಬಿಟ್ಟಿರಲಿಲ್ಲ. ಹೆತ್ತ ತಾಯಿ ಮಗಳ ಓದಿಗೆ ಅಂಜಿದಳು. ವೈದ್ಯರು ಗುಳಿಗೆಯನ್ನು ಬದಲಿಸಿದರು. ಇಳಿದಿದ್ದ ಐದು ಕಿಲೋದಲ್ಲಿ ನಾಲ್ಕು ದೀಪಾವಳಿಯ ಹೊತ್ತಿಗೆ ಹಿಂದಕ್ಕೆ ಬಂದವು. ಲೆಕ್ಕ ತಪ್ಪಿರಲಿಲ್ಲ. ಕ್ಯಾಲೊರಿ ಯಾವ ಪದಾರ್ಥದಿಂದ ಬಂದರೇನು, ಮೊತ್ತ ಸರಿಯಾಗಿದ್ದರೆ ಸಾಲದೆ ಎಂಬ ಪ್ರಶ್ನೆಯನ್ನು ಹಿಡಿದು ನಾನು ಗ್ರಂಥಾಲಯಕ್ಕೆ ಹೋದೆ. ಅಲ್ಲಿ ಮೆಕ್ಯಾರಿಸನ್ ಸಿಕ್ಕಿದರು.

ಅವರು ಹುಟ್ಟಿದ್ದು ೧೮೭೮ನೆಯ ಮಾರ್ಚಿ ೧೫ರಂದು, ಐರ್ಲೆಂಡಿನ ಉತ್ತರ ಭಾಗದ ಪೋರ್ಟಡೌನ್ ಎಂಬ ಊರಿನಲ್ಲಿ. ತಂದೆ ಅಗಸೆಯ ವ್ಯಾಪಾರಿ. ನಮ್ಮ ಕಡೆ ಅಗಸೆಯೆಂದರೆ ಚಟ್ನಿಯ ಕಾಳು. ಅಲ್ಲಿ ಅದರ ನಾರಿನಿಂದ ಬಟ್ಟೆ ನೇಯುತ್ತಿದ್ದರು.

ಆ ಮಗು ಹುಟ್ಟುವ ಹೊತ್ತಿಗೆ ನಮ್ಮ ಸೀಮೆಯ ಸ್ಥಿತಿ ಹೇಗಿತ್ತೆಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ೧೮೭೬ರಿಂದ ೧೮೭೮ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಮದರಾಸು ಪ್ರಾಂತದ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಆಗ ಆ ಜಿಲ್ಲೆಯ ತಾಲ್ಲೂಕುಗಳು. ೧೮೭೭ರಲ್ಲಿ ಬರಪರಿಹಾರದ ಮೇಲ್ವಿಚಾರಣೆಗೆ ಬಂದ ಸರ್ ರಿಚರ್ಡ್ ಟೆಂಪಲ್ ಖರ್ಚನ್ನು ಕಡಿಮೆ ಮಾಡುವ ಉದ್ದೇಶದಿಂದ, ಕಲ್ಲು ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯದ ಬೆಲೆ ಮತ್ತು ಸ್ವಲ್ಪ ಕಾಸು ಸಾಕೆಂದು ಗೊತ್ತುಮಾಡಿದರು. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು. ಅಷ್ಟು ಧಾನ್ಯದಿಂದ ದುಡಿಯುವ ಮೈ ನಿಲ್ಲದು, ಬೇಳೆಕಾಳಿನಂಥ ಪುಷ್ಟಿಯ ಪದಾರ್ಥವೂ ಬೇಕು ಎಂಬುದು ಅವರ ವಾದ. ಕೆಲವು ತಿಂಗಳ ಮೇಲೆ ಸರ್ಕಾರ ಕೂಲಿಯನ್ನು ಏರಿಸಿತು. ಅಷ್ಟರಲ್ಲಿ ಎಷ್ಟು ಜನ ಹೋಗಿದ್ದರೋ. ಬಡವನ ಹೊಟ್ಟೆಯನ್ನು ತೂಕದಿಂದ ಅಳೆಯುವ ವಿದ್ಯೆ ನಮ್ಮ ತಾಲ್ಲೂಕುಗಳಿಗೆ ಮೊದಲು ಬಂದದ್ದು ಬಹುಶಃ ಹೀಗೆ. ಎಷ್ಟು ಎಂಬುದರ ಜೊತೆಗೆ ಯಾವುದು ಎಂಬ ಪ್ರಶ್ನೆಯನ್ನೂ ಒಬ್ಬರು ಆಗಲೇ ಎತ್ತಿದ್ದರು.

ರಾಬರ್ಟರು ಬೆಲ್ಫಾಸ್ಟಿನಲ್ಲಿ ವೈದ್ಯ ವ್ಯಾಸಂಗ ಮಾಡಿ ೧೯೦೦ರಲ್ಲಿ ಪದವಿ ಪಡೆದರು. ಮರುವರ್ಷವೇ ಇಂಡಿಯನ್ ಮೆಡಿಕಲ್ ಸರ್ವಿಸನ್ನು ಸೇರಿ ಹಡಗು ಹತ್ತಿದರು. ಮೊದಲ ನೌಕರಿ ವಾಯವ್ಯ ಗಡಿಯ ಚಿತ್ರಾಲ್ ಎಂಬ ಪರ್ವತಪ್ರದೇಶದಲ್ಲಿ. ಅಲ್ಲಿಯ ಸಿಪಾಯಿಗಳನ್ನು ಬೇಸಗೆಯಲ್ಲಿ ಕಾಡುತ್ತಿದ್ದ ಮೂರು ದಿನದ ಜ್ವರವನ್ನು ಕೂಲಂಕಷವಾಗಿ ಗಮನಿಸಿ ಬರೆದರು. ಇದು ಮರಳುನೊಣದಿಂದ ಹರಡುವ ಜ್ವರವೆಂದು ಈಗ ಗೊತ್ತಿದೆ. ಅನಂತರ ಗಿಲ್ಗಿಟ್ಟಿಗೆ ಹೋಗಿ ಏಳು ವರ್ಷ ಅಲ್ಲಿಯೇ ಇದ್ದರು.

ಗಿಲ್ಗಿಟ್ಟಿನಲ್ಲಿ ಗಳಗಂಡ ರೋಗ ಬಹಳ. ಒಂದೇ ನೀರಿನ ಕಾಲುವೆಯ ಮೇಲೆ ಒಂದರ ಕೆಳಗೊಂದು ಹಳ್ಳಿ. ಮೇಲಿನ ಹಳ್ಳಿಯವರು ಬಳಸಿ ಕೊಳೆ ಮಾಡಿದ ನೀರನ್ನೇ ಕೆಳಗಿನವರು ಕುಡಿಯಬೇಕು. ಕೆಳಗಿಳಿದಂತೆಲ್ಲ ಕೊರಳು ಊದಿದವರ ಸಂಖ್ಯೆ ಏರುತ್ತ ಹೋಗುವುದನ್ನು ಮೆಕ್ಯಾರಿಸನ್ ಮನೆಮನೆ ತಿರುಗಿ ಎಣಿಸಿದರು. ಎಣಿಕೆಯಲ್ಲಿಯೇ ತೃಪ್ತರಾಗದೆ ಆ ನೀರನ್ನು ಸೋಸಿ, ಉಳಿದ ಗಸಿಯನ್ನು ತಾವೇ ಕುಡಿದರು. ಒಪ್ಪಿದ ಕೆಲವರಿಗೂ ಕುಡಿಸಿದರು. ಕೆಲವರ ಕೊರಳು ಊದಿತು, ಅವರದೂ ಊದಿತು. ಗಸಿಯನ್ನು ಕುದಿಸಿ ಕುಡಿದವರಿಗೆ ಹಾಗಾಗಲಿಲ್ಲ. ಗಳಗಂಡಕ್ಕೆ ಮುಖ್ಯ ಕಾರಣ ಅಯೋಡಿನ್ನಿನ ಕೊರತೆಯೆಂದು ಇಂದು ಎಲ್ಲರೂ ಬಲ್ಲರು. ಅವರು ಕೊಳೆನೀರಿಗೆ ಅಷ್ಟು ಪ್ರಾಧಾನ್ಯ ಕೊಟ್ಟದ್ದು ಅತಿಯಾಯಿತು. ಆದರೆ ತನ್ನ ಪ್ರಯೋಗವನ್ನು ತನ್ನ ಕೊರಳಿನ ಮೇಲೆಯೇ ಮಾಡಿಕೊಂಡ ಮನುಷ್ಯನ ಬಗ್ಗೆ ನನಗೆ ಗೌರವ. ನಾನು ನನ್ನ ಲೆಕ್ಕವನ್ನು ಅವ್ವನ ಮೈಮೇಲೆ ಮಾಡಿದೆ. ಒಂದು ದಿನವಾದರೂ ಅವಳ ಜೊತೆಗೆ ಅದೇ ಊಟ ಉಂಡು ನೋಡಲಿಲ್ಲ.

ಗಿಲ್ಗಿಟ್ಟಿನ ಮೇಲುಗಡೆ ಹುಂಜಾ ಎಂಬ ಕಣಿವೆ. ಅಲ್ಲಿಯ ಜನ ಗೋದಿ, ಜವೆ, ಕಿರುಧಾನ್ಯ, ಸೊಪ್ಪು, ಹಾಲು, ಜರದಾಳು ಹಣ್ಣುಗಳನ್ನು ಉಂಡು, ಮಾಂಸವನ್ನು ಅಪರೂಪಕ್ಕೆ ತಿಂದು ಗಟ್ಟಿಮುಟ್ಟಾಗಿ ಬಾಳುವುದನ್ನು ಕಂಡು ಅವರು ಬೆರಗಾದರು. ಅನಂತರದ ಲೇಖಕರು ಈ ವಿಷಯವನ್ನು ಉಬ್ಬಿಸಿ, ಹುಂಜಾದವರು ನೂರಿಪ್ಪತ್ತು ವರ್ಷ ಬದುಕುತ್ತಾರೆಂಬ ಕಥೆ ಕಟ್ಟಿದರು. ಅದನ್ನು ನಂಬಬೇಕಾಗಿಲ್ಲ. ಊಟಕ್ಕೂ ಮೈಕಟ್ಟಿಗೂ ಇರುವ ಸಂಬಂಧದ ವಿಚಾರ ಮೆಕ್ಯಾರಿಸನ್ನರ ತಲೆಯನ್ನು ಹೊಕ್ಕದ್ದು ಮಾತ್ರ ಇಲ್ಲಿ.

ಮಹಾಯುದ್ಧದ ಕೆಲಸ ಮುಗಿಸಿ ೧೯೧೮ರಲ್ಲಿ ಅವರು ನೀಲಗಿರಿಯ ಕೂನೂರಿಗೆ ಬಂದರು. ಅಲ್ಲಿಯ ಪಾಶ್ಚರ್ ಸಂಸ್ಥೆಯಲ್ಲಿ ಸ್ಥಳ ಪಡೆದು ಆಹಾರದ ಕೊರತೆಯಿಂದ ಬರುವ ರೋಗಗಳ ಶೋಧನೆಯನ್ನು ಕೈಗೊಂಡರು. ಕೂನೂರೆಂದರೆ ನಮಗೆ ದೂರವೆನಿಸುತ್ತದೆ. ಆದರೆ ೧೯೫೩ರ ಅಕ್ಟೋಬರ್ ೧ರಂದು ನಾವು ಮೈಸೂರು ಸಂಸ್ಥಾನಕ್ಕೆ ಸೇರುವವರೆಗೆ ಕೂನೂರೂ ಕೂಡ್ಲಿಗಿಯೂ ಮದರಾಸಿನ ಒಂದೇ ಆಡಳಿತದ ಕೆಳಗಿದ್ದವು.

ಅದೇ ೧೯೧೮ರಲ್ಲಿ ಭೂಮಿಯ ಇನ್ನೊಂದು ಪಕ್ಕದಲ್ಲಿ ಒಂದು ಸಂಗತಿ ನಡೆಯಿತು. ಆಹಾರದ ಶಕ್ತಿಯನ್ನು ಕ್ಯಾಲೊರಿಯಲ್ಲಿ ಅಳೆಯುವ ಕ್ರಮವನ್ನು ಅಮೆರಿಕದಲ್ಲಿ ಆಟ್‌ವಾಟರ್ ಎಂಬ ವಿಜ್ಞಾನಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ಥಿರಪಡಿಸಿದ್ದರು. ಒಂದು ಗ್ರಾಮು ಪಿಷ್ಟ ಅಥವಾ ಸಸಾರಜನಕಕ್ಕೆ ೪, ಒಂದು ಗ್ರಾಮು ಕೊಬ್ಬಿಗೆ ೯ ಎಂದು ಇಂದಿಗೂ ಪೊಟ್ಟಣಗಳ ಮೇಲೆ ಲೆಕ್ಕ ಹಾಕುವುದು ಆ ಕ್ರಮದಂತೆಯೇ. ಈ ಲೆಕ್ಕವನ್ನು ಹಿಡಿದು ತೂಕ ಇಳಿಸಿಕೊಳ್ಳಿರೆಂದು ಹೆಂಗಸರಿಗೆ ಕಲಿಸುವ ಪುಸ್ತಕವನ್ನು ಲುಲು ಹಂಟ್ ಪೀಟರ್ಸ್ ಎಂಬ ವೈದ್ಯೆ ೧೯೧೮ರಲ್ಲಿ ಪ್ರಕಟಿಸಿದರು. ಆ ಪುಸ್ತಕ ಬಹಳ ಖರ್ಚಾಯಿತು. ಅಲ್ಲಿಯ ಹೆಂಗಸರು ಎಷ್ಟು ಎಂದು ಎಣಿಸಲು ಕಲಿತ ವರ್ಷವೇ ಮೆಕ್ಯಾರಿಸನ್ ಇಲ್ಲಿ ಯಾವುದು ಎಂದು ಕೇಳಲು ಕುಳಿತರು. ನನ್ನ ನೋಟುಪುಸ್ತಕ ಪೀಟರ್ಸ್ ಅವರ ವಂಶದ್ದು.

ಮೊದಲು ಪಾರಿವಾಳಗಳು. ಪಾಲಿಶ್ ಮಾಡಿದ ಅಕ್ಕಿಯನ್ನು ಮಾತ್ರ ಹಾಕಿದರೆ ಹಕ್ಕಿಗಳ ಕತ್ತು ತಿರುಚಿ ಕಾಲು ಸೋಲುತ್ತದೆಂದು ಮೊದಲೇ ಗೊತ್ತಿತ್ತು. ಮೆಕ್ಯಾರಿಸನ್ ಆ ಹಕ್ಕಿಗಳ ಒಳಗನ್ನು ನೋಡಿದರು. ನರಗಳು ಮಾತ್ರವಲ್ಲದೆ ಕರುಳು, ಜಠರ, ಗ್ರಂಥಿಗಳೂ ಕೆಟ್ಟಿದ್ದುದನ್ನು ಕಂಡರು. ಅನಂತರ ಕೋತಿಗಳು. ಜೀವಸತ್ವ ನಾಶವಾಗುವಂತೆ ಅತಿಯಾಗಿ ಕಾಯಿಸಿದ ಆಹಾರ ತಿಂದ ಕೋತಿಗಳಿಗೆ ಹೊಟ್ಟೆಯ ರೋಗಗಳು ಬಂದವು. ಅವುಗಳ ಹೊಟ್ಟೆಗೆ ಬಿದ್ದ ಆಹಾರದಲ್ಲಿ ಶಕ್ತಿಗೇನೂ ಬರವಿರಲಿಲ್ಲ. ಈ ಶೋಧನೆಗಳು ೧೯೨೧ರಲ್ಲಿ ಪುಸ್ತಕವಾಗಿ ಬಂದವು. ಅಷ್ಟರಲ್ಲಿ ಖರ್ಚು ಕಡಿತದ ಗಾಳಿ ಬೀಸಿತು. ಇಂಚ್‌ಕೇಪ್ ಸಮಿತಿಯ ಶಿಫಾರಸಿನಿಂದ ೧೯೨೩ರಲ್ಲಿ ಸಂಶೋಧನೆಯೇ ನಿಂತುಹೋಗಿ, ೧೯೨೫ರಲ್ಲಿ ಮತ್ತೆ ಆರಂಭವಾಯಿತು. ಊಟದ ವಿಷಯ ವಿಚಾರಿಸುವ ಕೆಲಸವನ್ನು ಸರ್ಕಾರ ಮೊದಲು ಕಡಿಯುವುದು ಹೊಸದೇನಲ್ಲವೆಂದು ತೋರುತ್ತದೆ.

ಈಗ ಇಲಿಗಳ ಕಥೆ. ಒಂದೇ ವಯಸ್ಸಿನ ಎಳೆಯ ಇಲಿಗಳನ್ನು ಇಪ್ಪತ್ತಿಪ್ಪತ್ತರಂತೆ ಏಳು ಗುಂಪು ಮಾಡಿ, ಒಂದೇ ಬಗೆಯ ವಿಶಾಲವಾದ ಪಂಜರಗಳಲ್ಲಿಟ್ಟು, ಒಂದೊಂದು ಗುಂಪಿಗೆ ಹಿಂದೂಸ್ಥಾನದ ಒಂದೊಂದು ಜನದ ಊಟವನ್ನು ಹಾಕಿದರು. ಸಿಖ್ಖರು, ಪಠಾಣರು, ಮರಾಠರು, ಗೂರ್ಖರು, ಕನ್ನಡಿಗರು, ಬಂಗಾಳಿಗಳು, ಮದರಾಸಿಗಳು. ಕೊನೆಯಲ್ಲಿ ತೂಗಿದಾಗ ಸಿಖ್ಖರ ಊಟ ಉಂಡ ಇಲಿಗಳ ಸರಾಸರಿ ೨೩೫ ಗ್ರಾಮು. ಕನ್ನಡಿಗರ ಊಟದವು ೧೮೫. ಪಾಲಿಶ್ ಅಕ್ಕಿಯೇ ಹೆಚ್ಚಾಗಿದ್ದ ಮದರಾಸಿ ಊಟದವು ೧೫೫. ಏಳರಲ್ಲಿ ನಾವು ಐದನೆಯವರು. ನನ್ನ ಗೆಳತಿಯೊಬ್ಬಳು ಇದನ್ನು ಕೇಳಿ ಸಿಟ್ಟಾದಳು. ಕನ್ನಡಿಗರ ಊಟವೆಂದರೆ ಯಾರ ಊಟ, ಕರಾವಳಿಯ ಕುಚ್ಚಲಕ್ಕಿಯೋ, ಮೈಸೂರಿನ ರಾಗಿ ಮುದ್ದೆಯೋ, ಹಗರಿಬೊಮ್ಮನಹಳ್ಳಿಯ ಜೋಳದ ರೊಟ್ಟಿಯೋ ಎಂಬುದು ಅವಳ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಒಂದು ಪಂಜರದಲ್ಲಿ ಇಡೀ ನಾಡನ್ನು ಕೂಡಿಸಲಾಗದು. ಆದರೂ ಒಂದು ವಿಷಯದಲ್ಲಿ ಮೆಕ್ಯಾರಿಸನ್ನರನ್ನು ಮೆಚ್ಚಬೇಕು. ಆ ಕಾಲದ ದೊರೆಗಳು ಸಿಪಾಯಿಗಳ ಎತ್ತರ ಬಲಗಳಿಗೆ ಕುಲವೇ ಕಾರಣವೆಂದು ಹೇಳುತ್ತಿದ್ದರು. ಇಲಿಗಳ ಕುಲ ಒಂದೇ. ಬೇರೆಯಾದದ್ದು ತಟ್ಟೆ ಮಾತ್ರ.

ಸಿಖ್ಖರ ಊಟವೆಂದು ಅವರು ಹಾಕಿದ್ದು ತೌಡು ತೆಗೆಯದ ಗೋದಿ ಹಿಟ್ಟಿನ ಚಪಾತಿ, ಬೆಣ್ಣೆ, ಮೊಳಕೆ ಕಾಳು, ಹಸಿಯ ತರಕಾರಿ, ಹಾಲು, ವಾರಕ್ಕೊಮ್ಮೆ ಸ್ವಲ್ಪ ಮಾಂಸ. ಈ ಊಟದ ಮೇಲೆ ಸಾವಿರಕ್ಕೂ ಮಿಕ್ಕ ಇಲಿಗಳನ್ನು ಎರಡು ಕಾಲು ವರ್ಷ ಸಾಕಿದರು. ಇಲಿಯ ಆಯುಷ್ಯದಲ್ಲಿ ಅದು ಮನುಷ್ಯನ ಐವತ್ತು ವರ್ಷಕ್ಕೆ ಸಮ. ಅವುಗಳಲ್ಲಿ ರೋಗವೇ ಕಾಣಲಿಲ್ಲವೆನ್ನಬಹುದು. ಅಂಥದೇ ಗಾಳಿ ಬೆಳಕು ಚೊಕ್ಕಟದಲ್ಲಿ, ಕೊರತೆಯ ಊಟ ಉಂಡ ಎರಡು ಸಾವಿರಕ್ಕೂ ಮಿಕ್ಕ ಇಲಿಗಳಲ್ಲಿ ಶ್ವಾಸಕೋಶ, ಕರುಳು, ಚರ್ಮ, ಕಣ್ಣುಗಳ ನಾನಾ ರೋಗಗಳು ಕಂಡುಬಂದವು.

ಇನ್ನೊಂದು ಗುಂಪಿಗೆ ತಮ್ಮ ದೇಶದ ಬಡವರ ಊಟವನ್ನೇ ಹಾಕಿದರು. ಬಿಳಿಯ ಬ್ರೆಡ್ಡು, ಕೃತಕ ಬೆಣ್ಣೆ, ಸಕ್ಕರೆ ಹಾಕಿದ ಚಹಾ, ಬೇಯಿಸಿದ ತರಕಾರಿ, ಡಬ್ಬಿಯ ಮಾಂಸ, ಜಾಮು. ಆ ಇಲಿಗಳು ಸರಿಯಾಗಿ ಬೆಳೆಯಲಿಲ್ಲ. ನೋಡಿಕೊಳ್ಳುವ ಆಳುಗಳನ್ನು ಕಚ್ಚಿದವು. ಎರಡು ತಿಂಗಳಾಗುವ ಹೊತ್ತಿಗೆ ತಮ್ಮಲ್ಲಿಯೇ ಬಲಹೀನವಾದವನ್ನು ಕೊಂದು ತಿನ್ನತೊಡಗಿದವು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಚಹಾ, ಬ್ರೆಡ್ಡು, ಚಹಾ ಎಂದು ನಾನೇ ಬರೆದ ಸಾಲುಗಳು ಕಣ್ಣ ಮುಂದೆ ಬಂದವು. ಹುಟ್ಟಿದಾರಭ್ಯ ರೊಟ್ಟಿ, ಕಾಳು, ಪುಂಡಿಪಲ್ಯ, ಮಜ್ಜಿಗೆ ಉಂಡ ಹೆಂಗಸಿಗೆ, ಆರೋಗ್ಯದ ಹೆಸರಿನಲ್ಲಿ, ಇಂಗ್ಲೆಂಡಿನ ಬಡವನ ತಟ್ಟೆಯನ್ನು ನಾನು ಇಟ್ಟಿದ್ದೆ.

ಇಷ್ಟಾದರೂ ನನ್ನ ಮನಸ್ಸಿನಲ್ಲಿ ಒಂದು ಆಕ್ಷೇಪ ಉಳಿಯಿತು; ಅದನ್ನು ಮುಚ್ಚಿಡುವುದು ಸರಿಯಲ್ಲ. ಮೆಕ್ಯಾರಿಸನ್ನರ ಪಟ್ಟಿಯಲ್ಲಿ ತೂಕ ಹೆಚ್ಚಿದ ಇಲಿಯೇ ಗೆದ್ದ ಇಲಿ. ಅವು ಬೆಳೆಯುವ ಮರಿಗಳು, ಬೆಳೆಯಬೇಕಾದದ್ದೇ. ನನ್ನ ಅವ್ವನ ತೊಂದರೆ ಇದರ ತಿರುವುಮುರುವು. ಅವರ ಕಾಲದ ಹಿಂದೂಸ್ಥಾನದಲ್ಲಿ ಜನ ಸೊರಗುತ್ತಿದ್ದರು. ಇಂದು ನಮ್ಮ ಹಳ್ಳಿಯಲ್ಲಿಯೇ ಸೊರಗಿದ ಮಕ್ಕಳೂ ಮೈ ಬಂದ ತಾಯಂದಿರೂ ಒಂದೇ ಮನೆಯಲ್ಲಿ ಇದ್ದಾರೆ. ಆದುದರಿಂದ ತೂಕ ಇಳಿಸುವವರಿಗೆ ಮೆಕ್ಯಾರಿಸನ್ ನೇರವಾಗಿ ಉತ್ತರ ಹೇಳಿಲ್ಲ. ಮೈ ಖರ್ಚು ಮಾಡುವುದಕ್ಕಿಂತ ಕಡಿಮೆ ಉಂಡರೆ ತೂಕ ಇಳಿಯುತ್ತದೆ, ಬಿಸ್ಕತ್ತಿನಿಂದಾದರೂ ಇಳಿಯುತ್ತದೆ. ಅವ್ವನಿಗೆ ಐದು ಕಿಲೋ ಇಳಿದದ್ದು ಸುಳ್ಳಲ್ಲ. ಅದನ್ನು ಅಲ್ಲಗಳೆಯುವವರು ಲೆಕ್ಕವನ್ನೇ ಅರಿಯದವರು.

ಆದರೆ ಇಳಿಯುವಾಗ ಏನು ಇಳಿಯುತ್ತದೆ, ಹಸಿವು ಎಷ್ಟು ದಿನ ತಾಳುತ್ತದೆ ಎಂಬ ಎರಡು ವಿಷಯಗಳನ್ನು ಮೊತ್ತ ಹೇಳುವುದಿಲ್ಲ. ಸಸಾರಜನಕ ಸಾಲದಿದ್ದರೆ ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತದೆ. ಹೊಲದಲ್ಲಿ ದುಡಿಯುವವರಿಗೆ ಅದೇ ಬಂಡವಾಳ. ಹಸಿವಿನ ವಿಷಯದಲ್ಲಿ ೨೦೧೯ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ನನಗೆ ಮೆಕ್ಯಾರಿಸನ್ನರ ಪಂಜರಗಳನ್ನು ನೆನಪಿಗೆ ತಂದಿತು. ಇಲ್ಲಿ ಇಲಿಗಳ ಬದಲು ಇಪ್ಪತ್ತು ಮಂದಿ ಮನುಷ್ಯರು. ಅವರನ್ನು ನಾಲ್ಕು ವಾರ ಆಸ್ಪತ್ರೆಯಲ್ಲಿಯೇ ಇಟ್ಟುಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ಸಂಸ್ಕರಿಸಿದ ಆಹಾರವನ್ನೂ ಎರಡು ವಾರ ಹೆಚ್ಚು ಸಂಸ್ಕರಿಸದ ಆಹಾರವನ್ನೂ ಬಡಿಸಿದರು. ಬಡಿಸಿದ ಊಟದ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎರಡರಲ್ಲಿಯೂ ಸಮ, ಬೇಕಾದಷ್ಟು ಉಣ್ಣಬಹುದು. ಕಾರ್ಖಾನೆಯ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು ೫೦೦ ಕ್ಯಾಲೊರಿ ಹೆಚ್ಚು ಉಂಡು, ಎರಡು ವಾರದಲ್ಲಿ ಹತ್ತಿರ ಹತ್ತಿರ ಒಂದು ಕಿಲೋ ಏರಿದರು. ಇನ್ನೊಂದರಲ್ಲಿ ಅಷ್ಟೇ ಇಳಿದರು. ಯಾರೂ ಅವರಿಗೆ ಲೆಕ್ಕ ಹಾಕಿರೆಂದು ಹೇಳಿರಲಿಲ್ಲ. ರಾತ್ರಿಯ ಬೆಲ್ಲದ ಡಬ್ಬಿಯ ಅರ್ಥ ನನಗೆ ಆಗ ಆಯಿತು. ಅವ್ವನ ಮನಸ್ಸು ಸಡಿಲವಾದುದರಿಂದ ಅವಳು ಎದ್ದುಹೋದಳೆಂದು ನಾನು ಒಳಗೊಳಗೇ ಆಡಿಕೊಂಡಿದ್ದೆ.

ಮೆಕ್ಯಾರಿಸನ್ನರ ಉಳಿದ ಜೀವನವನ್ನು ಬೇಗ ಹೇಳಿ ಮುಗಿಸುತ್ತೇನೆ. ದನದ ಗೊಬ್ಬರ ಹಾಕಿ ಬೆಳೆದ ಕಿರುಧಾನ್ಯಕ್ಕೂ ರಾಸಾಯನಿಕ ಗೊಬ್ಬರದಿಂದ ಬೆಳೆದುದಕ್ಕೂ ಪುಷ್ಟಿಯಲ್ಲಿ ಭೇದವುಂಟೆ ಎಂದು ೧೯೨೬ರ ಸುಮಾರಿಗೆ ಪರೀಕ್ಷಿಸಿ, ದನದ ಗೊಬ್ಬರದ್ದೇ ಮೇಲೆಂದು ಕಂಡುಕೊಂಡರು. ಈ ಮಾತು ಕೇಳಿ ಅಪ್ಪ ಬಹಳ ಸಂತೋಷಪಟ್ಟರು. ಆದರೆ ನಮ್ಮಲ್ಲಿ ಈಗ ಉಳಿದಿರುವುದು ಒಂದೇ ಎಮ್ಮೆ. ಹಿಂದೂಸ್ಥಾನದ ಶಾಲೆಗಳಲ್ಲಿ ಓದಲೆಂದು ಆಹಾರದ ವಿಷಯವಾಗಿ ಸಣ್ಣದೊಂದು ಪುಸ್ತಕವನ್ನು ೧೯೨೮ರಲ್ಲಿ ಬರೆದರು. ಕೃಷಿಯ ರಾಯಲ್ ಕಮಿಷನ್ನಿನ ಮುಂದೆ ಸಾಕ್ಷ್ಯ ಹೇಳಿದರು. ಅವರ ಶೋಧನೆಯ ಕೋಣೆ ಬೆಳೆದು ಪೌಷ್ಟಿಕ ಆಹಾರ ಸಂಶೋಧನಾಲಯವಾಯಿತು. ೧೯೩೩ರಲ್ಲಿ ಸರ್ ಪದವಿ ಬಂದಿತು. ೧೯೩೫ರಲ್ಲಿ ನಿವೃತ್ತರಾಗಿ ಸ್ವದೇಶಕ್ಕೆ ಮರಳಿದರು. ಮರುವರ್ಷ ಲಂಡನ್ನಿನಲ್ಲಿ ಮಾಡಿದ ಉಪನ್ಯಾಸಗಳಲ್ಲಿ ಕೂನೂರಿನ ಇಲಿಗಳ ಕಥೆಯನ್ನು ಅಲ್ಲಿಯವರಿಗೆ ಹೇಳಿದರು. ೧೯೪೫ರಿಂದ ಹತ್ತು ವರ್ಷ ಆಕ್ಸ್‌ಫರ್ಡಿನಲ್ಲಿ ವೈದ್ಯರ ಉನ್ನತ ಶಿಕ್ಷಣದ ನಿರ್ದೇಶಕರಾಗಿದ್ದು, ೧೯೬೦ನೆಯ ಮೇ ೧೮ರಂದು ತೀರಿಕೊಂಡರು.

ಅವರ ನಂತರ ಕೂನೂರಿನ ಸಂಶೋಧನಾಲಯಕ್ಕೆ ಬಂದವರು ಡಾಕ್ಟರ್ ಐಕ್‌ರಾಯ್ಡ್. ಪದಾರ್ಥದ ಗುಣವೂ ಬೇಕು, ಅಳತೆಯೂ ಬೇಕು ಎಂದು ತಿಳಿದವರು ಇವರು. ನಮ್ಮ ದೇಶದ ಧಾನ್ಯ, ಕಾಳು, ಸೊಪ್ಪುಗಳನ್ನು ಒಂದೊಂದಾಗಿ ಪರೀಕ್ಷಿಸಿದ ಪಟ್ಟಿ ಇವರ ಕಾಲದಲ್ಲಿ ಹೊರಬಂದಿತು. ಸಂಶೋಧನಾಲಯ ೧೯೫೮ರಲ್ಲಿ ಹೈದರಾಬಾದಿಗೆ ಹೋಯಿತು. ೧೯೬೯ರಿಂದ ಅದಕ್ಕೆ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯೆಂದು ಹೆಸರು. ಪಟ್ಟಿ ಪರಿಷ್ಕಾರವಾಗುತ್ತ ಇಂದಿಗೂ ಬರುತ್ತಿದೆ. ಅದರ ಹಳೆಯ ಪ್ರತಿಯೊಂದನ್ನು ತೆರೆದರೆ ಜೋಳ ಇತ್ತು. ಸಜ್ಜೆ, ನವಣೆ ಇದ್ದವು. ಪುಂಡಿ ಇತ್ತು, ಗುರೆಳ್ಳೂ ಇತ್ತು! ಅಂಕಿಯಿಲ್ಲವೆಂದು ನಾನು ಕೈಬಿಟ್ಟಿದ್ದ ನಮ್ಮ ಮನೆಯ ಪದಾರ್ಥಗಳಿಗೆಲ್ಲ ನನ್ನ ಅಪ್ಪ ಹುಟ್ಟುವ ಮೊದಲೇ ಅಂಕಿ ಹಾಕಿ ಇಟ್ಟಿದ್ದರು. ನೂರು ಗ್ರಾಮು ಜೋಳಕ್ಕೆ ಸುಮಾರು ೩೫೦ ಕ್ಯಾಲೊರಿ, ೧೦ ಗ್ರಾಮು ಸಸಾರಜನಕ, ಜೊತೆಗೆ ನಾರು, ಕಬ್ಬಿಣ. ನಾನು ಕೊಡುತ್ತಿದ್ದ ಬಿಸ್ಕತ್ತಿನ ನೂರು ಗ್ರಾಮಿಗೆ ೪೫೦ಕ್ಕೂ ಮೇಲು, ಅದರಲ್ಲಿ ಹೆಚ್ಚಿನದು ಮೈದಾ, ಸಕ್ಕರೆ, ಎಣ್ಣೆ.

ದೀಪಾವಳಿ ಕಳೆದ ಮೇಲೆ ಅಂಗಡಿಯಿಂದ ಅಂಕಿ ತೋರಿಸುವ ಸಣ್ಣ ತಕ್ಕಡಿಯೊಂದನ್ನು ತಂದೆ. ವೈದ್ಯರನ್ನು ಮತ್ತೆ ಕಂಡು, ಗುಳಿಗೆಗೆ ಹೊಂದುವಂತೆ ೧೫೦೦ ಕ್ಯಾಲೊರಿಯೆಂದು ಗೊತ್ತುಮಾಡಿಕೊಂಡೆವು. ರೊಟ್ಟಿಗೆ ೬೦ ಗ್ರಾಮು ಹಿಟ್ಟು. ಎಂದರೆ ಹೆಚ್ಚು ಕಡಿಮೆ ೨೧೦. ಹೊತ್ತಿಗೆ ಎರಡು ರೊಟ್ಟಿ, ಹೆಸರುಕಾಳು, ಬೇಕಾದಷ್ಟು ಸೊಪ್ಪು, ಬೆಣ್ಣೆ ತೆಗೆದ ಮಜ್ಜಿಗೆ. ಈ ಸಲ ಅದೇ ಊಟವನ್ನು ನಾನೂ ಉಂಡೆ. ಇಲಿಗಳ ಕಥೆಯನ್ನು ಅವ್ವನಿಗೆ ಹೇಳಿದಾಗ ಅವಳು ಎಲ್ಲವನ್ನೂ ಕೇಳಿ, ಆ ದೊರೆ ಇಷ್ಟೆಲ್ಲ ತೂಗಿದನಲ್ಲ, ಅವಕ್ಕೆ ಹೊಟ್ಟೆ ತುಂಬಿತೋ ಇಲ್ಲವೋ ಎಂದು ಯಾರಾದರೂ ನೋಡಿದರೇ ಎಂದು ಕೇಳಿದಳು. ಕೊಟ್ಟೂರೇಶ್ವರನ ತೇರಿನ ಹೊತ್ತಿಗೆ ೭೩ರಿಂದ ೭೦ಕ್ಕೆ ಬಂದಿದ್ದಾಳೆ. ಮೊದಲ ಸಲಕ್ಕಿಂತ ನಿಧಾನ. ತೇರಿನ ದಿನ ಮಿರ್ಚಿ ಮಂಡಕ್ಕಿ ತಿಂದದ್ದನ್ನು ತಾನೇ ಹೇಳಿ ಪುಸ್ತಕದಲ್ಲಿ ಬರೆಸಿದಳು.

ಅವ್ವನಿಗೆ ಅಕ್ಷರ ಬಾರದು. ಆದರೆ ತಕ್ಕಡಿಯ ಆರನ್ನೂ ಸೊನ್ನೆಯನ್ನೂ ಗುರುತು ಹಿಡಿದಿದ್ದಾಳೆ. ಈಗ ಹಿಟ್ಟನ್ನು ಮೊದಲು ಮುಷ್ಟಿಯಲ್ಲಿ ತೂಗಿ ನೋಡಿ, ಸರಿಯಾಯಿತೆಂದು ಹೇಳಿ, ಆಮೇಲೆ ತಕ್ಕಡಿಯ ಮೇಲೆ ಹಾಕುತ್ತಾಳೆ. ಎರಡು ಮೂರು ಗ್ರಾಮಿಗಿಂತ ಹೆಚ್ಚು ತಪ್ಪುವುದಿಲ್ಲ. ತಪ್ಪಿದ ದಿನ ತಕ್ಕಡಿಯೇ ಕೆಟ್ಟಿದೆಯೆನ್ನುತ್ತಾಳೆ.